ಗುಂಡಿಯ ರೊಚ್ಚು ಗೊಬ್ಬರವಾದ ಬಗೆ



ಕಕ್ಕಸುಗುಂಡಿಯ ರೊಚ್ಚು ಹೊಲಕ್ಕೆ ಒಳ್ಳೇ ಗೊಬ್ಬರ ಅಂತ ಹಿರಿಯರು ಹೇಳ್ತಿದ್ರು. ಮಾತು ಸುಳ್ಳಲ್ಲ, ಆದರೆ ಪೂರ್ತಿ ನಿಜವೂ ಅಲ್ಲ.

ಬೆಂಗಳೂರು ಗ್ರಾಮಾಂತರ ಜಿಲ್ಲೆಯ ದೇವನಹಳ್ಳಿ ಪಟ್ಟಣವನ್ನೇ ನೋಡಿ. ಒಳಚರಂಡಿ ಇಲ್ಲದ ಆ ಕಾಲದಲ್ಲಿ ಮನೆಮನೆಗೂ ಗುಂಡಿಯೇ ಗತಿ. ತುಂಬಿದ ಗುಂಡಿಯ ರೊಚ್ಚನ್ನು ಲಾರಿಗಳು ಹೀರಿ ತಂದು ಸುತ್ತಲಿನ ಹೊಲ-ತೋಟಗಳಿಗೆ ಹಸಿಯಾಗಿಯೇ ಸುರೀತಿದ್ದವು. ಇದಕ್ಕೆ ದುಡ್ಡು ಕೊಟ್ಟ ರೈತರೂ ಉಂಟು. ಬೆಳೆಯೇನೋ ಬಂತು, ಜೊತೆಗೆ ಅಪಾಯವೂ ಬಂತು. ಹಸಿ ರೊಚ್ಚು ಬಿದ್ದ ಮಣ್ಣಿನಲ್ಲಿ ಕೊಕ್ಕೆಹುಳು ಬರಿಗಾಲಿನ ಚರ್ಮ ಕೊರೆದು ಮೈ ಸೇರುತ್ತದೆ. ಜಂತುಹುಳುವಿನ ಮೊಟ್ಟೆ ಹಸಿ ಸೊಪ್ಪಿನೊಡನೆ ಮಕ್ಕಳ ಹೊಟ್ಟೆಗೆ ಹೋಗುತ್ತದೆ.

2015ರಲ್ಲಿ ಅಲ್ಲಿ ದಿನಕ್ಕೆ 6,000 ಲೀಟರ್ ರೊಚ್ಚು ಶುದ್ಧಿಮಾಡುವ ಘಟಕ ಆರಂಭವಾಯಿತು. ಮೊದಲು ಮುಚ್ಚಿದ ತೊಟ್ಟಿಯಲ್ಲಿ ಕೊಳೆಸುವುದು, ಆಮೇಲೆ ಮರಳು-ಜಲ್ಲಿಯ ಹಾಸಿನ ಮೇಲೆ ಒಣಗಿಸುವುದು. ಸೋರಿದ ನೀರು ಗಿಡ ನೆಟ್ಟ ಜಲ್ಲಿ ಪಾತಿಯಲ್ಲಿ ಹಾದು ತಿಳಿಯಾಗುವುದು. ಒಣಗಿದ ಗಸಿಯನ್ನು ಊರಿನ ಹಸಿಕಸದ ಜೊತೆ ಬೆರೆಸಿ ಕಾಂಪೋಸ್ಟ್ ಮಾಡಿದರು. ಗುಪ್ಪೆಯೊಳಗೆ 55 ಡಿಗ್ರಿಗೂ ಮಿಕ್ಕಿದ ಕಾವು ಹಲವು ದಿನ ನಿಂತರೆ ಹುಳುವಿನ ಮೊಟ್ಟೆ ಸಾಯುತ್ತದೆ. ಮಣ್ಣಿಗೆ ಬೇಕಾದ ಸಾರ ಉಳಿಯುತ್ತದೆ.

ಆದ್ದರಿಂದ ಲಾರಿಯವನು ಬಂದು, "ಗೌಡ್ರೇ, ಹೊಲಕ್ಕೆ ಸುರೀಲಾ?" ಅಂದರೆ, "ಹಸಿದು ಬೇಡಪ್ಪಾ, ಕಳಿತದ್ದು ತಾ" ಅನ್ನಿ. ಬೆಳೆಯೂ ಉಳಿದೀತು, ಮಕ್ಕಳ ಆರೋಗ್ಯವೂ ಉಳಿದೀತು.