ಹಾಡಿಗೂ ಹಕ್ಕುಪತ್ರ ಬೇಕು



ಇವತ್ತು ಕರ್ಟಿಸ್ ಮೇಫೀಲ್ಡ್ ಬಗ್ಗೆ ಹೇಳ್ತೀನಿ. 1942ರಲ್ಲಿ ಶಿಕಾಗೋದ ಬಡ ಕಪ್ಪು ಕುಟುಂಬದಲ್ಲಿ ಹುಟ್ಟಿದವರು. ಕಪ್ಪು ಜನರ ಹಾಡಿಂದ ಬಿಳಿಯರ ಕಂಪನಿಗಳು ದುಡ್ಡು ಮಾಡ್ತಿದ್ದ ಕಾಲ ಅದು. ಇವರು ಚಿಕ್ಕ ವಯಸ್ಸಲ್ಲೇ ತಮ್ಮ ಹಾಡುಗಳ ಹಕ್ಕನ್ನ ತಮ್ಮ ಕೈಲೇ ಇಟ್ಕೊಂಡ್ರು. 1965ರ 'ಪೀಪಲ್ ಗೆಟ್ ರೆಡಿ' ನಾಗರಿಕ ಹಕ್ಕುಗಳ ಚಳವಳಿಯ ಹಾಡಾಯ್ತು. 1968ರಲ್ಲಿ ಗೆಳೆಯನ ಜೊತೆ 'ಕರ್ಟಮ್' ಅನ್ನೋ ಸ್ವಂತ ರೆಕಾರ್ಡ್ ಕಂಪನಿ ಕಟ್ಟಿದ್ರು. ಮುಂಬೈಯಲ್ಲಿ ದಲಿತ ಪ್ಯಾಂಥರ್ಸ್ ಹುಟ್ಟಿದ 1972ರಲ್ಲೇ ಅಲ್ಲಿಂದ 'ಸೂಪರ್ ಫ್ಲೈ' ಬಂತು. 1990ರಲ್ಲಿ ವೇದಿಕೆಯ ಲೈಟುಗಳು ಮೈಮೇಲೆ ಬಿದ್ದು, ಕತ್ತಿನ ಕೆಳಗೆ ಸ್ವಾಧೀನ ಹೋಯ್ತು. ಆದ್ರೂ ಮಲಗಿಕೊಂಡೇ, ಒಂದೊಂದೇ ಸಾಲು ಹಾಡಿ, 1996ರಲ್ಲಿ ಕೊನೆಯ ಆಲ್ಬಮ್ ತಂದ್ರು.

ನಮ್ಮ ಹೋರಾಟದ ಹಾಡುಗಳು ಇವತ್ತು ಎಲ್ಲರ ಮೊಬೈಲಲ್ಲೂ ಇವೆ. ಹಾಡಿದ ಅಣ್ಣಂದಿರಿಗೆ ಸಿಗೋದು, ನಾನು ಕಂಡ ಹಾಗೆ, ಬಸ್ ಚಾರ್ಜು, ಒಂದು ಶಾಲು. ಭೂಮಿಗೆ ಹಕ್ಕುಪತ್ರ ಕೇಳ್ತೀವಲ್ಲ, ಹಾಡಿಗೂ ಕೇಳೋಣ.