ಮೂರು ತಂತಿ, ನಾಲ್ಕು ತಂತಿ

ಕೆಲವು ವರ್ಷಗಳ ಹಿಂದೆ ಅಮೆರಿಕದಲ್ಲಿ ಮಗಳು ಹಳೆಯ ಮನೆಯೊಂದನ್ನು ಕೊಂಡಾಗ ನಾನೂ ಅಲ್ಲಿದ್ದೆ. ಬಾಡಿಗೆ ಮನೆಯಿಂದ ತಂದ ಬಟ್ಟೆ ಒಣಗಿಸುವ ಯಂತ್ರದ ಪ್ಲಗ್ಗಿಗೆ ನಾಲ್ಕು ಕಡ್ಡಿಗಳು. ಗೋಡೆಯ ಸಾಕೆಟ್ಟಿಗೆ ಮೂರೇ ರಂಧ್ರ. “ಮಾವ, ನೀವು ವಿಜ್ಞಾನದ ಮೇಷ್ಟ್ರು. ಇಲ್ಲಿ ಇಲ್ಲದಿರುವ ತಂತಿ ಯಾವುದು?” ಎಂದು ಅಳಿಯಂದಿರು ಕೇಳಿದರು. “ಅರ್ತ್ ಇಲ್ಲದೆ ಯಾರಾದರೂ ಬಿಡುತ್ತಾರೆಯೇ? ನ್ಯೂಟ್ರಲ್ ಇರಬೇಕು” ಎಂದೆ. ಉತ್ತರ ತಪ್ಪಾಗಿತ್ತು. ಆ ತಪ್ಪಿನ ಹಿಂದೆ ಒಂದು ಇತಿಹಾಸವೇ ಇದೆ.

1882ರ ಸೆಪ್ಟೆಂಬರ್ 4ರಂದು ಎಡಿಸನ್ ನ್ಯೂಯಾರ್ಕಿನ ಪರ್ಲ್ ಸ್ಟ್ರೀಟ್ ಕೇಂದ್ರದಿಂದ 110 ವೋಲ್ಟಿನ ನೇರ ವಿದ್ಯುತ್ತನ್ನು ಹರಿಸಿದನು. ಅಷ್ಟು ಕಡಿಮೆ ವೋಲ್ಟೇಜಿಗೆ ದಪ್ಪ ತಂತಿ ಬೇಕು, ತಾಮ್ರವೋ ದುಬಾರಿ. ಇದಕ್ಕೆ ಆತ ಕಂಡುಕೊಂಡ ಉಪಾಯವೇ ಮೂರು ತಂತಿಯ ಪದ್ಧತಿ. ಎರಡು ಜನರೇಟರುಗಳನ್ನು ಸರಣಿಯಲ್ಲಿ ಜೋಡಿಸಿ, ನಡುವಿನಿಂದ ಒಂದು ತಂತಿಯನ್ನು ಹೊರಡಿಸುವುದು. ಹೊರಗಿನ ಎರಡು ತಂತಿಗಳ ನಡುವೆ 220 ವೋಲ್ಟ್, ಯಾವುದೇ ಒಂದಕ್ಕೂ ನಡುವಿನದಕ್ಕೂ 110. ಎರಡು ಕಡೆಯ ಭಾರ ಸಮನಾಗಿದ್ದರೆ ನಡುವಿನ ತಂತಿಯಲ್ಲಿ ಪ್ರವಾಹವೇ ಇರದು. ಹೆಚ್ಚುಕಡಿಮೆಯಾದರೆ ಆ ವ್ಯತ್ಯಾಸವಷ್ಟೇ ಹರಿಯುತ್ತದೆ. ಅರ್ಧಕ್ಕಿಂತ ಹೆಚ್ಚು ತಾಮ್ರ ಉಳಿಯಿತು. ಇಂಗ್ಲೆಂಡಿನ ಜಾನ್ ಹಾಪ್ಕಿನ್ಸನ್ ಕೂಡ ಸ್ವತಂತ್ರವಾಗಿ ಇದನ್ನೇ ಕಂಡುಹಿಡಿದಿದ್ದನು. 1883ರ ಜುಲೈ 4ರಂದು ಪೆನ್ಸಿಲ್ವೇನಿಯಾದ ಸನ್‌ಬರಿ ಎಂಬ ಊರಿನ ಹೋಟೆಲೊಂದು ಈ ಪದ್ಧತಿಯಿಂದ ಬೆಳಗಿತು.

ಮುಂದೆ ನೇರ ವಿದ್ಯುತ್ತು ಹೋಗಿ ಪರ್ಯಾಯ ವಿದ್ಯುತ್ತು ಬಂದಿತು. ಮೂರು ತಂತಿ ಮಾತ್ರ ಉಳಿಯಿತು. ಇಂದಿಗೂ ಅಲ್ಲಿನ ಮನೆಗೆ ಎರಡು ‘ಬಿಸಿ’ ತಂತಿಗಳೂ ಒಂದು ನ್ಯೂಟ್ರಲ್ಲೂ ಬರುತ್ತವೆ. ನೀರು ಕಾಯಿಸುವ ಯಂತ್ರಕ್ಕೆ 240 ವೋಲ್ಟ್ ಮಾತ್ರ ಸಾಕು, ನ್ಯೂಟ್ರಲ್ಲಿನ ಗೊಡವೆಯಿಲ್ಲ. ಆದರೆ ವಿದ್ಯುತ್ ಒಲೆಯಲ್ಲಿ, ಡ್ರೈಯರಿನಲ್ಲಿ ಕಾಯುವ ಸುರುಳಿ 240ರದಾದರೂ ಒಳಗಿನ ದೀಪ, ಗಡಿಯಾರ, ಮೋಟಾರುಗಳು ಸಾಮಾನ್ಯವಾಗಿ 120ರವು. ಅವಕ್ಕೆ ನ್ಯೂಟ್ರಲ್ ಬೇಕೇಬೇಕು.

ಎರಡನೆಯ ಮಹಾಯುದ್ಧದಲ್ಲಿ ಮತ್ತೆ ತಾಮ್ರದ ಅಭಾವವಾಯಿತು. ನ್ಯೂಟ್ರಲ್ಲನ್ನು ಹೇಗೂ ಮನೆಯ ಮುಖ್ಯ ಪೆಟ್ಟಿಗೆಯಲ್ಲಿ ಭೂಮಿಗೆ ಸೇರಿಸಿರುತ್ತದೆ. ಒಲೆಯ ಲೋಹದ ಮೈಯನ್ನು ಅದಕ್ಕೇ ಕಟ್ಟಿದರೆ ಬೇರೆ ಅರ್ತ್ ತಂತಿಯೇಕೆ ಎಂಬ ವಾದ ಒಪ್ಪಿತವಾಯಿತು. ಯುದ್ಧ ಮುಗಿದರೂ ರಿಯಾಯಿತಿ ಮುಗಿಯಲಿಲ್ಲ. ಮುಂದೆ ಡ್ರೈಯರಿಗೂ ವಿಸ್ತರಿಸಿತು. ಅಲ್ಲಿನ ನ್ಯಾಷನಲ್ ಎಲೆಕ್ಟ್ರಿಕಲ್ ಕೋಡ್ ಹೊಸ ವೈರಿಂಗಿಗೆ ಇದನ್ನು ನಿಲ್ಲಿಸಿದ್ದು 1996ರ ಆವೃತ್ತಿಯಲ್ಲಿ. ಹಳೆಯವು ಹಾಗೆಯೇ ಉಳಿದವು. ಮಗಳ ಮನೆಯ ಮೂರು ರಂಧ್ರಗಳು ಆ ಕಾಲದವು: ಇಲ್ಲದಿದ್ದದ್ದು ಅರ್ತ್!

ಅಪಾಯವೇನು? ನ್ಯೂಟ್ರಲ್ ತಂತಿ ಎಲ್ಲಾದರೂ ಕಡಿದರೆ ಅಥವಾ ಸಡಿಲವಾದರೆ ಮೋಟಾರಿನ ಮೂಲಕ ಬಂದ ಪ್ರವಾಹಕ್ಕೆ ಮರಳುವ ದಾರಿಯಿಲ್ಲ. ಯಂತ್ರದ ಮೈಗೇ 120 ವೋಲ್ಟ್ ಏರುತ್ತದೆ. ಒಂದು ಕೈ ಅದರ ಮೇಲೆ, ಇನ್ನೊಂದು ಕೈ ಪಕ್ಕದ ನಲ್ಲಿಯ ಮೇಲೆ ಇದ್ದರೆ ಆ ದಾರಿ ಮನುಷ್ಯನೇ ಆಗುತ್ತಾನೆ. ಪರವಾನಗಿ ಪಡೆದ ಎಲೆಕ್ಟ್ರಿಷಿಯನ್ ಬಂದು ನಾಲ್ಕು ತಂತಿಯ ಹೊಸ ಕೇಬಲ್ ಎಳೆದರು. ಯಂತ್ರದ ಮೈಗೂ ನ್ಯೂಟ್ರಲ್ಲಿಗೂ ನಡುವಣ ಪಟ್ಟಿಯನ್ನು ತೆಗೆದಿದೆಯೇ ಎಂದು ಮರೆಯದೆ ನೋಡಿದರು. ನಾಲ್ಕು ತಂತಿಯಿದ್ದಾಗ ಆ ಪಟ್ಟಿ ಇರಕೂಡದು.

ನಮ್ಮಲ್ಲಿ 230 ವೋಲ್ಟ್ ಬರುವುದೇ ಫೇಸ್ ಮತ್ತು ನ್ಯೂಟ್ರಲ್ಲಿನ ನಡುವೆ. ಗೀಸರಿಗೂ ನ್ಯೂಟ್ರಲ್ ಬೇಕು. ಪ್ಲಗ್ಗಿನ ದಪ್ಪ ಕಡ್ಡಿ ಅರ್ತಿನದು. ಆದರೂ ಅರ್ತ್ ಎಳೆಯಲು ಬೇಸರಪಟ್ಟು ಸಾಕೆಟ್ಟಿನೊಳಗೇ ಅದನ್ನು ನ್ಯೂಟ್ರಲ್ಲಿಗೆ ಸೇರಿಸಿಬಿಡುವವರನ್ನು ಕಂಡಿದ್ದೇನೆ. ಯುದ್ಧಕಾಲದ ಅದೇ ಉಳಿತಾಯ, ಅದೇ ಅಪಾಯ.

“ನ್ಯೂಟ್ರಲ್ ಮುಟ್ಟಿದರೆ ಏನೂ ಆಗದು” ಎಂದು ತರಗತಿಯಲ್ಲಿ ಎಷ್ಟೋ ವರ್ಷ ಹೇಳಿದವನು ನಾನು. ಅದು ಕಡಿಯದಿರುವವರೆಗೆ ಮಾತ್ರ ನಿಜ. ನನ್ನ ಹಳೆಯ ವಿದ್ಯಾರ್ಥಿಗಳು ಇದನ್ನು ಓದುತ್ತಿದ್ದರೆ, ಆ ಪಾಠವನ್ನು ದಯವಿಟ್ಟು ತಿದ್ದಿಕೊಳ್ಳಬೇಕು.