ಒಂಟಿಕೊಪ್ಪಲ್

ಮೈಸೂರು ನಗರದ ವಾಯವ್ಯ ದಿಕ್ಕಿನ ಬಡಾವಣೆ. ಕಾಗದಪತ್ರಗಳಲ್ಲಿ ಇದು ವಾಣಿವಿಲಾಸ ಮೊಹಲ್ಲಾ, ಚಿಕ್ಕದಾಗಿ ವಿ.ವಿ. ಮೊಹಲ್ಲಾ. ಮಗ ನಾಲ್ವಡಿ ಕೃಷ್ಣರಾಜ ಒಡೆಯರು ಎಳೆಯರಾಗಿದ್ದಾಗ, 1895ರಿಂದ 1902ರವರೆಗೆ, ರೀಜೆಂಟರಾಗಿ ರಾಜ್ಯ ನಡೆಸಿದ ಮಹಾರಾಣಿ ವಾಣಿವಿಲಾಸ ಸನ್ನಿಧಾನದ ಹೆಸರದು. ಜನರ ಬಾಯಲ್ಲಿ ಮಾತ್ರ ಕೊಪ್ಪಲಿನ ಹೆಸರೇ ಗಟ್ಟಿಯಾಗಿ ಉಳಿದಿದೆ.

ಕೊಪ್ಪಲು ಎಂದರೆ ಮೈಸೂರು, ಮಂಡ್ಯ ಸೀಮೆಯಲ್ಲಿ ದೊಡ್ಡ ಊರಿನ ಆಸುಪಾಸಿನ ಸಣ್ಣ ಹಳ್ಳಿ. ಕುಂಬಾರಕೊಪ್ಪಲು, ಮಂಚೇಗೌಡನಕೊಪ್ಪಲು, ತೊಣಚಿಕೊಪ್ಪಲು ಹೀಗೆ ನಗರದ ಸುತ್ತ ಇಂಥವು ಹಲವು. 1898ರ ಪ್ಲೇಗು ಕೋಟೆಯೊಳಗಿನ ಇಕ್ಕಟ್ಟಿನ ಬದುಕಿನ ಅಪಾಯವನ್ನು ತೋರಿಸಿಕೊಟ್ಟಿತು. 1903ರಲ್ಲಿ ನಗರಾಭಿವೃದ್ಧಿಗೆಂದೇ ವಿಶ್ವಸ್ತ ಮಂಡಳಿ ರಚನೆಯಾಯಿತು. ಅಗಲ ರಸ್ತೆ, ಅಡ್ಡರಸ್ತೆಗಳ ಹೊಸ ಬಡಾವಣೆಗಳು ಬೆಳೆದಂತೆ ಹೊಲದ ನಡುವಿನ ಹಳ್ಳಿಗಳು ಒಂದೊಂದಾಗಿ ನಗರದೊಳಗಾದವು.

ಮೈಸೂರನ್ನೇ ಕಾಣದವರಿಗೂ ಈ ಹೆಸರು ಗೊತ್ತಿದ್ದರೆ ಅದಕ್ಕೆ ಒಂಟಿಕೊಪ್ಪಲ್ ಪಂಚಾಂಗ ಕಾರಣ. ಹಳೆಯ ಮೈಸೂರು ಸೀಮೆಯ ಎಷ್ಟೋ ಮನೆಗಳಲ್ಲಿ ಯುಗಾದಿಯ ಪಂಚಾಂಗ ಶ್ರವಣಕ್ಕೂ ಮದುವೆಯ ಮುಹೂರ್ತಕ್ಕೂ ಇದೇ ಆಧಾರ. ಇಲ್ಲಿನ ವೆಂಕಟರಮಣಸ್ವಾಮಿ ದೇವಸ್ಥಾನದ ಮುಂದೆ ವೈಕುಂಠ ಏಕಾದಶಿಯ ದಿನ ನಸುಕಿನಲ್ಲೇ ಸಾಲು ನಿಲ್ಲುತ್ತದೆ.

ಸಾಹಿತ್ಯದ ಓದುಗರಿಗೆ ಒಂಟಿಕೊಪ್ಪಲ್ ಎಂದರೆ ಕುವೆಂಪು ಅವರ ಮನೆ 'ಉದಯರವಿ'. 1994ರ ನವೆಂಬರ್ 11ರಂದು ತೀರಿಕೊಳ್ಳುವವರೆಗೂ ಅವರು ಮೈಸೂರಿಗರೇ. ಮಲೆನಾಡನ್ನು ಕುರಿತು ಅವರು ಬರೆದುದರಲ್ಲಿ ಬಹುಪಾಲು ಹುಟ್ಟಿದ್ದು ಬಯಲುಸೀಮೆಯ ಈ ಊರಿನಲ್ಲಿ ಎಂಬುದನ್ನು ನಾವು ಸಾಮಾನ್ಯವಾಗಿ ಮರೆಯುತ್ತೇವೆ. ಅವರ ನಿತ್ಯದ ವಾಯುವಿಹಾರದ ಕುಕ್ಕರಹಳ್ಳಿ ಕೆರೆ ಇಲ್ಲಿಂದ ದೂರವಿಲ್ಲ. ಅದರ ಮಗ್ಗುಲಿನ ವಿಶ್ವವಿದ್ಯಾನಿಲಯದ ಆವರಣಕ್ಕೆ ಮಾನಸಗಂಗೋತ್ರಿ ಎಂದು ಹೆಸರಿಟ್ಟವರೂ ಅವರೇ.

ನೆರೆಹೊರೆ ಒಂದೇ ಬಗೆಯದಲ್ಲ. ಪಡುವಾರಹಳ್ಳಿಗೆ ಈಗ ವಿನಾಯಕನಗರವೆಂಬ ಹೆಸರೂ ಇದೆ. ಆದರೂ ಅದರ ಒಳಗೇರಿಗಳಲ್ಲಿ ಹಳ್ಳಿಯ ಚಹರೆ ಅಳಿದಿಲ್ಲ. ಅದಕ್ಕೆ ತಾಗಿದಂತೆಯೇ ಜಯಲಕ್ಷ್ಮೀಪುರಂ, ಅದರಾಚೆ ರಾಜಕುಮಾರಿಗೆಂದು ಕಟ್ಟಿಸಿದ ಜಯಲಕ್ಷ್ಮೀವಿಲಾಸ ಅರಮನೆ. ಅಲ್ಲೀಗ ವಿಶ್ವವಿದ್ಯಾನಿಲಯದ ಜಾನಪದ ವಸ್ತುಸಂಗ್ರಹಾಲಯವಿದ್ದು, ಅರಸು ಮನೆತನದ ಸೂರಿನಡಿ ಒಕ್ಕಲು ಮಕ್ಕಳ ಪರಿಕರಗಳು ಕುಳಿತಿವೆ. ಉತ್ತರಕ್ಕೆ ಗೋಕುಲಂ, ಪಟ್ಟಾಭಿ ಜೋಯಿಸರ ಅಷ್ಟಾಂಗ ಯೋಗಶಾಲೆ ಲಕ್ಷ್ಮೀಪುರದಿಂದ ಅಲ್ಲಿಗೆ ಬಂದ ಮೇಲೆ ವಿದೇಶಿ ವಿದ್ಯಾರ್ಥಿಗಳ ಬಿಡಾರವೇ ಆಯಿತು. ಕೆ.ಆರ್.ಎಸ್. ರಸ್ತೆ ದಾಟಿದರೆ ಯಾದವಗಿರಿ. ರಾಮಕೃಷ್ಣ ಆಶ್ರಮ, ಆರ್.ಕೆ. ನಾರಾಯಣ್ ಅವರ ಮನೆ ಅಲ್ಲಿವೆ. 1961ರಲ್ಲಿ ಶುರುವಾದ ಐಡಿಯಲ್ ಜಾವಾ ಮೋಟಾರ್ ಸೈಕಲ್ ಕಾರ್ಖಾನೆಯೂ ಅಲ್ಲೇ ಇತ್ತು. 1996ರಲ್ಲಿ ಅದು ಮುಚ್ಚಿತು.